ಐದು ಕೋಟಿ ಯಾರ ಕಿಸೆಯಾಗ?

ಗುಂಪು: ದೊಡ್ಡ ಮನಿ ಮಂದಿ
ಭಾನುವಾರ

ಖಾನಾಪುರ ಮಾಮಾ, 6:52
ಹಲವು ಬಾರಿ ಫಾರ್ವರ್ಡ್ ಆಗಿದೆ
*ನಿಜವಾದ ಭಾರತೀಯರಾಗಿದ್ದರೆ ಓದಿ!!* ಒಬ್ಬ ಸಂಸದನ ಕೈಗೆ ಪ್ರತಿ ವರ್ಷ 5 ಕೋಟಿ! ಸಂಸತ್ ಕ್ಯಾಂಟೀನಿನಲ್ಲಿ ಪುಕ್ಕಟೆ ದರದ ಊಟ! ಒಂದೇ ದಿನ ಸಂಸದನಾದರೂ ಸಾಯುವವರೆಗೆ ಪಿಂಚಣಿ! ಲೆಕ್ಕ ಕೇಳುವವರು ಯಾರೂ ಇಲ್ಲ! 20 ಜನರಿಗೆ ಕಳುಹಿಸಿ.

ಹಿರೇ ಕಾಕಾ, 7:04
ಶಿವ ಶಿವಾ. ಕಾಯಕವೇ ಕೈಲಾಸ ಅಂದ ನಾಡಿನಾಗ ಇದೇನ ಬಂತು. ಕೂಡಲಸಂಗಮಕ್ಕ ಕಾರಿನಾಗ ಹೋಗಿ ಕೈ ಮುಗದರ ಸಾಲದು, ನಡತಿನೂ ಬೇಕು. ಎಲ್ಲಾರಿಗೂ ಶುಭ ಮುಂಜಾನೆ.

ಲೆಕ್ಕದ ಅಣ್ಣ, 7:15
ಮಾಮಾ, ಇದು ಎಲ್ಲಿಂದ ಬಂತು?

ಖಾನಾಪುರ ಮಾಮಾ, 7:16
ವಾಕಿಂಗ್ ಗ್ರೂಪಿನಾಗ ಹೆಡ್ ಮಾಸ್ತರ್ ಹಾಕ್ಯಾರ. ಮಾಸ್ತರ್ ಮಂದಿ ಸುಳ್ಳ ಹೇಳ್ತಾರೇನು?

ಲೆಕ್ಕದ ಅಣ್ಣ, 7:24
ಮಾಸ್ತರು ಬರದಿಲ್ಲ, ದೂಡ್ಯಾರ ಅಷ್ಟ. ನೋಡ್ರಿ, ಕ್ಯಾಂಟೀನ್ ಸಬ್ಸಿಡಿ 2021ರ ಜನವರಿಯಾಗ ನಿಂತೈತಿ, ಅದು ಹಳೇ ಸರಕು. ಪಿಂಚಣಿ ಮಾತು ಖರೆ. ಎಷ್ಟ ದಿನ ಇದ್ರೂ ಬರತೈತಿ, ಈಗ ತಿಂಗಳಿಗೆ 31,000. ಐದು ವರ್ಷ ಮೀರಿದ ಒಂದೊಂದು ವರ್ಷಕ್ಕ 2,500 ಹೆಚ್ಚು. ಪಗಾರ 1.24 ಲಕ್ಷ, ಅಧಿವೇಶನದ ದಿನಭತ್ಯೆ 2,500. ಇದು 2025ರ ಮಾರ್ಚ್‌ನಾಗ ಹೊಂಟ ಅಧಿಸೂಚನೆ, ಲೆಕ್ಕ ಮಾತ್ರ 2023ರ ಏಪ್ರಿಲ್‌ನಿಂದ. ಬೈಯೂದಿದ್ರ ಇದನ್ನ ಹಿಡಕೊಂಡು ಬೈರಿ.

ಖಾನಾಪುರ ಮಾಮಾ, 7:26
ಮತ್ತ 5 ಕೋಟಿ? ಅದಕ್ಕ ಯಾಕ ಉತ್ತರ ಇಲ್ಲ?

ವಿಜಯಪುರ ಮಾವಶಿ, 7:29
ಅವ ಟೈಪ್ ಮಾಡ್ಲಿಕ್ಕೆ ಹತ್ಯಾನ, ತಡೀ. ಹೊಸ ನೋಟಿನಾಗ ಚಿಪ್ ಅದ ಅಂತ ಹಾಕಿದ್ದೂ ನೀನs.

ಖಾನಾಪುರ ಮಾಮಾ, 7:30
ಅದು 2016ರ ಮಾತು. ಎಷ್ಟ ವರ್ಷ ಅದನ್ನs ಹಿಡಕೊಂಡ ಕೂಡ್ತಿ ಅಕ್ಕಾ.

ಲೆಕ್ಕದ ಅಣ್ಣ, 7:41
5 ಕೋಟಿ ಐತಿ, ಕೈಗೆ ಬರೂದಿಲ್ಲ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ಅಂತ 1993ರ ಡಿಸೆಂಬರ್‌ನಾಗ ಸುರು ಆತು. 2011-12ರಿಂದ ವರ್ಷಕ್ಕ 5 ಕೋಟಿ. ಸಂಸದರು ಮಾಡೂದು ಶಿಫಾರಸು ಅಷ್ಟ: ಇಂಥಾ ಊರಾಗ ಇಂಥಾ ಕೆಲಸ, ಅಂದಾಜು ಇಷ್ಟು. ಮಂಜೂರು ಮಾಡೂದು ಜಿಲ್ಲಾಧಿಕಾರಿ. ಜಾಗ ಸರ್ಕಾರದ್ದೋ ಅಲ್ಲೋ, ಕೆಲಸ ನಿಯಮದೊಳಗ ಬರತೈತೋ ಇಲ್ಲೋ, ಕಟ್ಟಿದ ಮ್ಯಾಲೆ ಯಾರು ನೋಡ್ಕೋತಾರ, ಇಷ್ಟು ನೋಡಿ ಆದೇಶ. ಆಮ್ಯಾಲೆ ಜಿಲ್ಲಾ ಪಂಚಾಯತಿ ಎಂಜಿನಿಯರಿಂಗ್ ವಿಭಾಗನೋ, ಪಿಡಬ್ಲ್ಯುಡಿನೋ, ನಿರ್ಮಿತಿ ಕೇಂದ್ರನೋ ಕಟ್ಟತೈತಿ.
ಮೊದಲ 2.5 ಕೋಟಿಯಂಗ ಎರಡು ಕಂತು ಡಿಸಿ ಖಾತೆಗೆ ಬಂದು ಕೂಡ್ತಿತ್ತು. 2023ರ ಏಪ್ರಿಲ್‌ನಿಂದ ಇ-ಸಾಕ್ಷಿ ಪೋರ್ಟಲ್. ಶಿಫಾರಸು, ಮಂಜೂರಾತಿ, ಬಿಲ್ಲು ಎಲ್ಲಾ ಅದರಾಗ, ರೊಕ್ಕ ನೇರ ಗುತ್ತಿಗೆದಾರನ ಖಾತೆಗೆ.

ಹಿರೇ ಕಾಕಾ, 7:48
ಹಂಗಾದ್ರ ಕಳವು ಆಗೂದs ಇಲ್ಲ ಅಂತೀಯೇನು? ದೇವ್ರು ಮೆಚ್ಚೂ ಮಾತಾಡು.

ಲೆಕ್ಕದ ಅಣ್ಣ, 7:55
ನಾ ಹಂಗ ಅಂದಿಲ್ಲ ಕಾಕಾ. ಸೋರೂ ಜಾಗ ಬ್ಯಾರೆ. ಅಂದಾಜು ಉಬ್ಬಸತಾರ, ಅಳತಿ ಪುಸ್ತಕದಾಗ 4 ಇಂಚು ಕಾಂಕ್ರೀಟ್ ಬರದು ಜಾಗದ ಮ್ಯಾಲೆ ಎರಡೂವರೆ ಹಾಕ್ತಾರ. ಜನ ತಿರುಗಾಡೂ ಕಡೆ ಬಿಟ್ಟು ಬೇಕಾದವರ ಹೊಲದ ದಾರಿ ಬಾಯಿಗೆ ಶೆಡ್ ಕಟ್ಟಸ್ತಾರ. ಎಸ್ಸಿ ವಸತಿ ಇರೂ ಕಡೆ 15, ಎಸ್ಟಿ ಕಡೆ 7.5 ಪರ್ಸೆಂಟ್ ಖರ್ಚು ಆಗಬೇಕು ಅಂತೈತಿ. ಅದು ಆತೋ ಇಲ್ಲೋ ಅಂತ ಕೇಳೂದು ಬಿಟ್ಟು ನಾವು ಕ್ಯಾಂಟೀನ್ ಚಹಾದ ಬೆನ್ನ ಹತ್ತೀವಿ.

ಖಾನಾಪುರ ಮಾಮಾ, 8:02
ಲೆಕ್ಕ ಯಾರಿಗೆ ಬೇಕೋ. ನಮ್ಮ ಬೆಳಗಾವಿ ಎಂಪಿ ಖಾನಾಪುರದ ಕಡೆ ಮುಖ ಹಾಕೂದಿಲ್ಲ. ಮೂರು ಇಲೆಕ್ಷನ್ ಆತು ಇದನ್ನs ಹೇಳಾಕತ್ತೀನಿ.

ಲಾ ಕಾಲೇಜ್ ಸಣ್ಣಿ, 8:04
ಮಾಮಾ, ಖಾನಾಪುರ ಬೆಳಗಾವಿ ಜಿಲ್ಲೆದಾಗ ಐತಿ, ಬೆಳಗಾವಿ ಲೋಕಸಭಾ ಕ್ಷೇತ್ರದಾಗ ಇಲ್ಲ. ಖಾನಾಪುರ, ಕಿತ್ತೂರು ಎರಡೂ ಉತ್ತರ ಕನ್ನಡಕ್ಕ ಸೇರ್ತಾವ. ನೀವು ಒತ್ತೂ ಮಶೀನಿನಾಗ ಬೆಳಗಾವಿ ಕ್ಯಾಂಡಿಡೇಟ್ ಹೆಸರs ಇರೂದಿಲ್ಲ.

ವಿಜಯಪುರ ಮಾವಶಿ, 8:05
ಅಯ್ಯ ನನ್ನ ತಮ್ಮ. ಮೂರು ಇಲೆಕ್ಷನ್ ಯಾರಿಗೆ ಬೈದಿ?

ಖಾನಾಪುರ ಮಾಮಾ, 8:09
ಜಿಲ್ಲೆ ಅಂದ ಮ್ಯಾಲೆ ಜವಾಬ್ದಾರಿ ಇರತೈತಿ. ಸಣ್ಣಾಕಿ ಬಾಯಿ ಹಾಕೂದು ಚಂದಲ್ಲ.

ಹಿರೇ ಕಾಕಾ, 8:10
ದೊಡ್ಡವರಿಗೆ ಮಾತ ಹಚ್ಚಬಾರದು ತಂಗಿ. ಓದು ಜಾಸ್ತಿ ಆದಂಗ ತಗ್ಗಿ ನಡೀಬೇಕು.

ಲಾ ಕಾಲೇಜ್ ಸಣ್ಣಿ, 8:11
ತಗ್ಗೇ ಹೇಳೇನಿ ಅಜ್ಜಾ. ನಕಾಶಿ ಕಳಸ್ಲಿ?

ಖಾನಾಪುರ ಮಾಮಾ, 8:20
[ಚಿತ್ರ]
ಇದಕ್ಕೇನಂತೀರಿ? ಎಂಪಿಗಳ ಹಳೇ ಪಟ್ಟಿ, ಯಾರೋ ಕಾಪಿಟ್ಟಿದ್ರು. ಕೇಳಿದ ಪ್ರಶ್ನೆ ಸೊನ್ನೆ, ಹಾಜರಿ ಖಾಲಿ. ಇಂಥವರಿಗೆ ಪಗಾರ.

ಲೆಕ್ಕದ ಅಣ್ಣ, 8:33
ಈ ಪಟ್ಟಿಯಾಗ ಮಂತ್ರಿಗಳ ಹೆಸರೂ ಕೂಡಿಸ್ಯಾರ, ಅಲ್ಲೇ ದಾರಿ ತಪ್ಪೇತಿ. ಮಂತ್ರಿ ಆದವರು ಪ್ರಶ್ನೆ ಕೇಳೂದಿಲ್ಲ, ಉತ್ತರ ಕೊಡ್ತಾರ. ಹಾಜರಿ ಪುಸ್ತಕದಾಗ ಸಹಿನೂ ಹಾಕೂದಿಲ್ಲ. ಸುರೇಶ ಅಂಗಡಿಯವರು 2019ರಿಂದ 2020ರ ಸೆಪ್ಟೆಂಬರ್‌ನಾಗ ತೀರಿಕೊಳ್ಳೂತನ ರೈಲ್ವೆ ರಾಜ್ಯ ಸಚಿವರು. ಜಿಗಜಿಣಗಿಯವರು 2016ರಿಂದ 2019ರ ತನಕ ಕುಡಿಯೂ ನೀರಿನ ಖಾತೆ ರಾಜ್ಯ ಸಚಿವರು. ಆ ಅವಧಿಯಾಗ ಸೊನ್ನೆ ಕಂಡ್ರ ಅದು ಸೋಮಾರಿತನ ಅಲ್ಲ. ತಿರಗಿ, ಬ್ಯಾರೆಯವರ ಹೆಸರಿನ ಮುಂದ 95 ಪರ್ಸೆಂಟ್ ಹಾಜರಿ ಐತಿ ಅಂದ್ರ ದಿನಪೂರ್ತಿ ಕುಂತಿದ್ರು ಅಂತಲ್ಲ. ಸಹಿ ಬಿತ್ತಂದ್ರ ಹಾಜರಿ. ಮಾತು, ಪ್ರಶ್ನೆ ಬ್ಯಾರೆ ನೋಡಬೇಕು.

ಪುಣೆ ತಮ್ಮ, 8:40
ರೈಲ್ವೆ ಅಂದಕೂಡಲೇ ನೆನಪಾತು ನೋಡ್ರಿ. ಸೊಲ್ಲಾಪುರ–ಗದಗ ಮೀಟರ್ ಗೇಜ್ ಗಾಡಿ! ಗುಳೇದಗುಡ್ಡ ರೋಡಿಗೆ ಖಣದ ಗಂಟು ಏರ್ತಿದ್ವು, ಆಲಮಟ್ಟಿ ಸೇತುವಿ ಮ್ಯಾಲೆ ಗಾಡಿ ನಿಧಾನ ಆದ್ರ ಕಿಡಕಿಯಾಗಿಂದ ಹೊಳಿಗೆ ನಾಣ್ಯ. ಈಗಿನ ಎಸಿ ಬೋಗಿಯಾಗ ಆ ಗಮ್ಮತ್ತಿಲ್ಲ.

ಹಿರೇ ಕಾಕಾ, 8:43
ನಾಣ್ಯ ಹೋಗ್ಲಿ. ಬಾಗಲಕೋಟಿ–ಕುಡಚಿ ರೈಲು ಯಾವಾಗ? ನಾ ಕಣ್ಣ ಮುಚ್ಚೂದ್ರೊಳಗ ಬಂದೀತೇನು?

ಲೆಕ್ಕದ ಅಣ್ಣ, 9:02
ಇದು ಕೇಳೂ ಅಂಥಾ ಪ್ರಶ್ನೆ ಕಾಕಾ. 142 ಕಿಲೋಮೀಟರ್ ಮಾರ್ಗ, ಮಂಜೂರಾಗಿದ್ದು 2010-11ರಾಗ. ಅರ್ಧ ವೆಚ್ಚ ರಾಜ್ಯದ್ದು, ಭೂಮಿನೂ ರಾಜ್ಯ ಕೊಡಬೇಕು. ದಿಲ್ಲಿಗೆ ಕೇಳಿದ್ರ ಭೂಮಿ ಬಂದಿಲ್ಲ ಅಂತಾರ, ಬೆಂಗಳೂರಿಗೆ ಕೇಳಿದ್ರ ರೈಲ್ವೆ ಕೆಲಸ ಅಂತಾರ.
ಲೋಕಸಭೆಯಾಗ ಒಬ್ಬ ಸಂಸದ ದಿನಕ್ಕ 5 ಪ್ರಶ್ನೆಗೆ ನೋಟಿಸ್ ಕೊಡಬಹುದು, 15 ದಿನ ಮೊದಲ. ಚೀಟಿ ಎತ್ತಿದಂಗ ಬ್ಯಾಲಟ್ ಆಗಿ ಚುಕ್ಕೆ ಗುರುತಿನವು 20, ಬರೇ ಲಿಖಿತ ಉತ್ತರದವು 230 ಪಟ್ಟಿಗೆ ಬರ್ತಾವ. ಚುಕ್ಕೆದವು ಬಾಯಿಲೆ ಉತ್ತರ. ಆದ್ರ ಒಂದು ತಾಸಿನಾಗ ನಾಕೈದು ಮುಗದ್ರ ಹೆಚ್ಚು, ಗದ್ದಲ ಆತಂದ್ರ ಒಂದೂ ಇಲ್ಲ. ಉಳದವಕ್ಕ ಉತ್ತರ ಕಾಗದದ ಮ್ಯಾಲೆ ಬರತೈತಿ, ಎದ್ದು ನಿಂತು ಉಪಪ್ರಶ್ನೆ ಕೇಳೂ ಅವಕಾಶ ಹೋಕ್ಕೈತಿ.
ಇನ್ನ ಪ್ರಶ್ನೆ ಹೆಂಗ ಕೇಳ್ತಾರ ಅನ್ನೂದು. "ಕುಡಚಿ ಮಾರ್ಗ ವಿಳಂಬ ಆಗಿರೂದು ಸರ್ಕಾರಕ್ಕ ಗೊತ್ತೈತೇನು" ಅಂತ ಕೇಳಿದ್ರ "ಹೌದು, ಕ್ರಮ ಕೈಗೊಳ್ಳಲಾಗುತ್ತಿದೆ" ಅಂತ ಬಂದು ಮುಗೀತು. ಕೇಳಬೇಕಾದ್ದು: ಯಾವ ತಾಲೂಕಿನಾಗ ಎಷ್ಟ ಎಕರೆ ಬೇಕಿತ್ತು, ಎಷ್ಟ ಕೈಗೆ ಬಂತು, ವರ್ಷವಾರು ರೈಲ್ವೆ ಎಷ್ಟ ಹಾಕಿತು, ರಾಜ್ಯ ಎಷ್ಟ ಹಾಕಿತು, ಯಾವ ತುಂಡು ಯಾವ ತಾರೀಖಿಗೆ. ಮಂತ್ರಿ "ಪರಿಶೀಲನೆಯಲ್ಲಿದೆ" ಅಂದ್ರ ಅದು ಭರವಸೆ ಅಂತ ದಾಖಲಾಗತೈತಿ, ಮೂರು ತಿಂಗಳಾಗ ಈಡೇರಸಬೇಕು. ಇಲ್ಲಂದ್ರ ಸರ್ಕಾರಿ ಭರವಸೆಗಳ ಸಮಿತಿ ಕೇಳತೈತಿ. ಸಂಸತ್ತಿನ ಜಾಲತಾಣದಾಗ ಸದಸ್ಯರ ಹೆಸರ ಹಾಕಿದ್ರ ಅವರು ಕೇಳಿದ ಒಂದೊಂದು ಪ್ರಶ್ನೆ, ಅದಕ್ಕ ಬಂದ ಉತ್ತರ ಎರಡೂ ಸಿಗ್ತಾವ. ಎಷ್ಟು ಅಂತ ಎಣಸಬ್ಯಾಡ್ರಿ, ಒಂದು ತಗದು ಓದ್ರಿ.

ಖಾನಾಪುರ ಮಾಮಾ, 9:05
ಇಷ್ಟುದ್ದ ಯಾರ ಓದ್ತಾರೋ.

ವಿಜಯಪುರ ಮಾವಶಿ, 9:07
ಫಾರ್ವರ್ಡ್ ಓದ್ಲಿಕ್ಕೆ ವ್ಯಾಳ್ಯಾ ಅದ, ಇದಕ್ಕ ಇಲ್ಲ. ಇರ್ಲಿ, ಲೆಕ್ಕದ ಮಾತು ಬಂತಲ್ಲ, ಗುಡಿ ಬಣ್ಣಕ್ಕ ಅಂತ ಮನಿಗೆ 1,500 ಎತ್ತಿದ್ದು ನೀನು. ಬಿಲ್ ಎಲ್ಲಿ?

ಖಾನಾಪುರ ಮಾಮಾ, 9:08
ಅಕ್ಕಾ, ಅದು ದೇವರ ಕೆಲಸ.

ವಿಜಯಪುರ ಮಾವಶಿ, 9:08
ಬಣ್ಣ ಅಂಗಡಿಯವಂದು. ಬಿಲ್ ಕೊಟ್ಟಿರ್ತಾನ.

ಲಾ ಕಾಲೇಜ್ ಸಣ್ಣಿ, 9:21
ಸಿಟ್ಟ ಆಗೂದಿದ್ರ ನಾ ಒಂದು ಜಾಗ ತೋರಸ್ತೀನಿ. ಇಲೆಕ್ಷನ್‌ಗೆ ನಿಲ್ಲೂವಾಗ ಫಾರಂ 26 ಅಂತ ಅಫಿಡವಿಟ್ ಕೊಡ್ತಾರ: ಕೇಸು, ಆಸ್ತಿ, ಸಾಲ, ಹೆಂಡತಿ ಅಥವಾ ಗಂಡನ ಆಸ್ತಿ, ಐದು ವರ್ಷದ ಆದಾಯ. ಅದು ಚುನಾವಣಾ ಆಯೋಗದ ಜಾಲತಾಣದಾಗ ಯಾರ ಬೇಕಾದ್ರೂ ನೋಡಬಹುದು. ಕಾಲಂ ಖಾಲಿ ಬಿಡಾಂಗಿಲ್ಲ, 2013ರಾಗ ಸುಪ್ರೀಂ ಕೋರ್ಟ್ ಹೇಳೇತಿ. ಆದ್ರ ಗೆದ್ದು ಪ್ರಮಾಣ ತಗೊಂಡು 90 ದಿನದಾಗ ಸ್ಪೀಕರ್‌ಗೆ ಕೊಡೂ ಆಸ್ತಿ ವಿವರ ಐತಲ್ಲ, ಅದು 2004ರ ನಿಯಮದ ಪ್ರಕಾರ ಗೋಪ್ಯ. ಸ್ಪೀಕರ್ ಲಿಖಿತ ಅನುಮತಿ ಇಲ್ಲದ ಯಾರಿಗೂ ಸಿಗೂದಿಲ್ಲ. ಓಟು ಕೇಳೂವಾಗ ಬಿಚ್ಚಿದ ಪುಸ್ತಕ, ಗಾದಿ ಏರಿದ ಮ್ಯಾಲೆ ಮುಚ್ಚಿದ್ದು. ಇದನ್ನ ಯಾರೂ ಫಾರ್ವರ್ಡ್ ಮಾಡೂದಿಲ್ಲ.

ಲೆಕ್ಕದ ಅಣ್ಣ, 9:23
ಇದು ನನಗೂ ನೆನಪಿದ್ದಿಲ್ಲ. ಛಲೋ ಹೇಳಿದಿ.

ಖಾನಾಪುರ ಮಾಮಾ, 9:30
ಕಾಗದದ ಮಾತು ಬಿಡ್ರೀ. ನಮ್ಮೂರ ಕ್ರಾಸಿನ್ಯಾಗ ಬಸ್ ಶೆಡ್ ಐತಿ. ಎಂಪಿ ರೊಕ್ಕದ್ದು. ಮಳಿ ಬಂದ್ರ ಒಳಗ ನಿಂದ್ರೂದಕ್ಕಿಂತ ಗಿಡದ ಬುಡಕ ನಿಂತ್ರ ಕಮ್ಮಿ ತೊಯ್ತಾರ. ಅದಕ್ಕೇನಂತಿ?

ಲೆಕ್ಕದ ಅಣ್ಣ, 9:38
ಅದಕ್ಕ ಆರ್‌ಟಿಐ ಹಾಕ್ರಿ. 10 ರೂಪಾಯಿ, 30 ದಿನ. ಕರ್ನಾಟಕದ ನಿಯಮದಾಗ ಒಂದು ಅರ್ಜಿಗೆ ಒಂದs ವಿಷಯ, 150 ಶಬ್ದದೊಳಗ. ಅಲ್ಲೇ ಭಾಳ ಮಂದಿ ಅರ್ಜಿ ತಿರಗಿ ಬರ್ತಾವ: ರಸ್ತೆ, ಶೆಡ್, ಚರಂಡಿ ಎಲ್ಲಾ ಒಂದರಾಗ ತುಂಬ್ತಾರ. ಇನ್ನ "ಯಾಕ ಸೋರತೈತಿ" ಅಂತ ಕೇಳಬಾರದು. ಯಾಕ ಅನ್ನೂದಕ್ಕ ಅವರ ಕಡೆ ಕಾಗದ ಇರೂದಿಲ್ಲ. ಇರೂ ಕಾಗದ ಕೇಳಬೇಕು: ಮಂಜೂರಾತಿ ಆದೇಶ, ಅಂದಾಜು ಪಟ್ಟಿ, ಅಳತಿ ಪುಸ್ತಕದ ನಕಲು, ಬಳಕೆ ಪ್ರಮಾಣಪತ್ರ, ಹಸ್ತಾಂತರ ಪತ್ರ. ಹಾಳಿಗೆ 2 ರೂಪಾಯಿ. ಹಸ್ತಾಂತರ ಪತ್ರ ನೋಡಿದ್ರ ರಿಪೇರಿ ಪಂಚಾಯತಿದೋ ಯಾರದೋ ಗೊತ್ತಾಗತೈತಿ. ಅರ್ಜಿ ಯಾರ ಹೆಸರಿಲೆ ಹಾಕೂಣು?

ಲೆಕ್ಕದ ಅಣ್ಣ, 10:15
ಯಾರ ಹೆಸರಿಲೆ?

ಪುಣೆ ತಮ್ಮ, 10:17
ಆ ಕ್ರಾಸಿನ್ಯಾಗ ಮೊದಲ ಮಿರ್ಚಿ ಭಜಿ ಅಂಗಡಿ ಇತ್ತಲ್ಲ, ಐತೇನು ಈಗ?

ಹಿರೇ ಕಾಕಾ, 10:20
ಮೊದಲ ಶಾಂತ ರೀತಿಲೆ ಮನವಿ ಕೊಡೂಣು. ಕೋರ್ಟು ಕಚೇರಿ ನಮ್ಮ ಮನಿತನಕ್ಕ ಒಗ್ಗೂದಿಲ್ಲ.

ಲಾ ಕಾಲೇಜ್ ಸಣ್ಣಿ, 10:22
ಅಜ್ಜಾ, ಇದು ಕೋರ್ಟ್ ಅಲ್ಲ. ಮೊದಲ ಎಂಪಿ ರೊಕ್ಕ ಅಂತ ಖಾತ್ರಿ ಆಗ್ಲಿ. ಸಂಸದರ ನಿಧಿ ಕೆಲಸಕ್ಕ ಯೋಜನೆ ಹೆಸರು, ವೆಚ್ಚ, ಸುರು ಆದ ದಿನ, ಮುಗದ ದಿನ ಕೊರೆದ ಫಲಕ ಇರಬೇಕು. ಪುಟ್ಟ ಊರಾಗ ಅದಾನಲ್ಲ, ನೋಡಿ ಬರ್ಲಿ.

ಊರ ಪುಟ್ಟ, 10:58
[ಚಿತ್ರ]
ಎಡಗಡೆ ಕಂಬಕ್ಕ ಕರಿ ಕಲ್ಲ ಐತಿ, ಮ್ಯಾಲೆ ನವೋದಯ ಕೋಚಿಂಗ್ ಕ್ಲಾಸ್ ಹಾಳಿ ಹಚ್ಯಾರ.

ಲೆಕ್ಕದ ಅಣ್ಣ, 10:59
ನೀರ ಹಚ್ಚಿ ಕಿತ್ತು ತಗೀ.

ಊರ ಪುಟ್ಟ, 11:12
[ಚಿತ್ರ]
ಅರ್ಧ ಬಂತು. ಹೆಸರಿನ ಸಾಲಿನ ಮ್ಯಾಲೆ ಸುಣ್ಣ ಬಡದಾರ, ವೆಚ್ಚ ಕಾಣೂದಿಲ್ಲ. ಮ್ಯಾಲಿನ ಸಾಲು ಓದಾಕ ಬರತೈತಿ: "ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ".

ಲಾ ಕಾಲೇಜ್ ಸಣ್ಣಿ, 11:13
ಶಾಸಕರದ್ದು! ಅದು ರಾಜ್ಯದ ನಿಧಿ, ವರ್ಷಕ್ಕ 2 ಕೋಟಿ. ಎಂಪಿಗೂ ಈ ಶೆಡ್ಡಿಗೂ ಸಂಬಂಧs ಇಲ್ಲ.

ವಿಜಯಪುರ ಮಾವಶಿ, 11:14
ಕ್ಷೇತ್ರನೂ ತಪ್ಪು, ಶೆಡ್ಡೂ ತಪ್ಪು. ಗುಡಿ ಬಿಲ್ಲರ ಸರಿ ಅದನೋ?

ಖಾನಾಪುರ ಮಾಮಾ, 11:15
ಈ ಸಂದೇಶವನ್ನು ಅಳಿಸಲಾಗಿದೆ

ಲೆಕ್ಕದ ಅಣ್ಣ, 11:19
ಆದ್ರೂ ಸೋರೂದು ಖರೆ ಐತಿ. ಕೇಳೂ ಕಾಗದ ಅವs. ಹೆಸರ ಕೊಡ್ರಿ, 150 ಶಬ್ದ ನಾ ಬರದು ಕೊಡ್ತೀನಿ.

ಹಿರೇ ಕಾಕಾ, 11:26
ಪುಟ್ಟಾ, ಆ ಕೋಚಿಂಗ್ ಕ್ಲಾಸಿನವ ಜಗಳಕ್ಕ ಬಂದಾನು. ಹಾಳಿ ಮತ್ತ ಹಚ್ಚಿ ಬಾ.

ಊರ ಪುಟ್ಟ, 11:27
ಹರದು ಹೋಗೇತಿ ಅಜ್ಜಾ.