2027ಕ್ಕೆ ಗಾಲ್ಫ್ ಮೇಜರ್ ನೋಡೋಕೆ ಎಲ್ಲಿಗೆ ಹೋಗಲಿ? ಹೋಗಿ ಬಂದವರು ಹೇಳಿ

ಪ್ರಶ್ನೆ: ಅಪ್ಪನ ಜೊತೆ ಒಂದು ಮೇಜರ್ ಟೂರ್ನಿಯನ್ನು (ವರ್ಷಕ್ಕೆ ನಾಲ್ಕೇ ನಡೆಯುವ ಗಾಲ್ಫ್‌ನ ದೊಡ್ಡ ಟೂರ್ನಿಗಳಲ್ಲಿ ಒಂದು) ಕಣ್ಣಾರೆ ನೋಡಬೇಕು ಅಂತ ಬಹಳ ದಿನದ ಆಸೆ. 2027ರ ಜೂನ್‌ನಲ್ಲಿ ಯುಎಸ್ ಓಪನ್ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿದೆ. ಜುಲೈನಲ್ಲಿ ದಿ ಓಪನ್ ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರ್ಯೂಸ್‌ನಲ್ಲಿದೆ. ಒಂದಕ್ಕೆ ಮಾತ್ರ ಹೋಗಬಹುದು. ಅಪ್ಪನಿಗೆ ಮಂಡಿ ನೋವು, ಇಡೀ ದಿನ ಸುತ್ತಾಡೋಕೆ ಆಗುವುದಿಲ್ಲ. ಯಾವುದು ವಾಸಿ?

ಉತ್ತರ: ಸೇಂಟ್ ಆಂಡ್ರ್ಯೂಸ್. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಅಲ್ಲಿ ಆಟಗಾರರ ಹಿಂದೆ ನಡೆದುಕೊಂಡು ನೋಡುತ್ತೇನೆ ಅಂದರೆ ನಿರಾಸೆ ಗ್ಯಾರಂಟಿ. ಹೋಗುವ ಹೋಲ್‌ಗಳು (ಒಂದೊಂದು ಕುಳಿಯತ್ತ ಚೆಂಡು ಹೊಡೆದು ಸಾಗುವ ದಾರಿಗಳು), ವಾಪಸ್ ಬರುವ ಹೋಲ್‌ಗಳು ಅಕ್ಕಪಕ್ಕದಲ್ಲೇ ಇವೆ. ಏಳು ಗ್ರೀನ್‌ಗಳನ್ನು (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಎರಡೆರಡು ಹೋಲ್‌ಗಳು ಹಂಚಿಕೊಂಡಿವೆ. ಹಾಗಾಗಿ ನಡುವೆ ಪ್ರೇಕ್ಷಕರಿಗೆ ಜಾಗವೇ ಇಲ್ಲ, ಹೊರಗಿನ ಅಂಚಿನಲ್ಲೇ ನಿಲ್ಲಬೇಕು. ನೆಲವೂ ಚಪ್ಪಟೆ, ಮುಂದಿನವರ ತಲೆ ಬಿಟ್ಟರೆ ಇನ್ನೇನೂ ಕಾಣುವುದಿಲ್ಲ.

ನಿಮಗೆ ಇದೇ ಅನುಕೂಲ. ಹೇಗಿದ್ದರೂ ನೀವು ಕೂತು ನೋಡುವವರು ಅಲ್ವಾ? ದಿ ಓಪನ್‌ನಲ್ಲಿ ಎಲ್ಲರೂ ಒಂದನೇ ಟೀಯಿಂದಲೇ, ಅಂದರೆ ಮೊದಲ ಹೋಲ್‌ನ ಆರಂಭದ ಜಾಗದಿಂದಲೇ, ಶುರು ಮಾಡುತ್ತಾರೆ. ಗುರುವಾರ, ಶುಕ್ರವಾರ 156 ಜನ, ಮೂರು ಮೂರು ಜನರ ಗುಂಪಾಗಿ. 17ನೇ ಹೋಲ್ ಕಾಣುವ ಸ್ಟ್ಯಾಂಡ್‌ನಲ್ಲಿ ಹನ್ನೊಂದು ಗಂಟೆಯೊಳಗೆ ಜಾಗ ಹಿಡಿದರೆ ಆಟಗಾರರ ಇಡೀ ಪಟ್ಟಿಯೇ ನಿಮ್ಮ ಮುಂದೆ ಹಾದು ಹೋಗುತ್ತದೆ. ಅಲ್ಲಿ ಗ್ರೀನ್‌ಗೆ ಅಂಟಿಕೊಂಡು ಆಳವಾದ ರೋಡ್ ಹೋಲ್ ಬಂಕರ್ (ಮರಳಿನ ಗುಂಡಿ), ಹಿಂದೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. 2022ರ ದಿ ಓಪನ್‌ನ ಕೊನೆಯ ದಿನ ಆಸ್ಟ್ರೇಲಿಯಾದ ಆಟಗಾರ ಕ್ಯಾಮರಾನ್ ಸ್ಮಿತ್ ಇಲ್ಲೇ ಬಂಕರ್ ಮುಂದೆ ಸಿಕ್ಕಿಕೊಂಡರು. ಎತ್ತಿ ಹೊಡೆಯಲಿಲ್ಲ. ಪಟರ್ (ಚೆಂಡು ಉರುಳಿಸುವ ಕೋಲು) ಹಿಡಿದು ಬಂಕರ್ ಪಕ್ಕದಿಂದ ಸುಮ್ನೆ ಉರುಳಿಸಿಬಿಟ್ಟರು! ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳ ಲೆಕ್ಕ) ಉಳಿಯಿತು, ಕಪ್ಪೂ ಅವರದ್ದೇ ಆಯಿತು. ನನ್ನ ಪಕ್ಕ ಕೂತಿದ್ದ ಅಜ್ಜ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡಿದ್ದರು.

ಇನ್ನೊಬ್ಬರು: ನಾನು 2019ರಲ್ಲಿ ಪೆಬಲ್ ಬೀಚ್‌ಗೆ ಹೋಗಿದ್ದೆ. ನೋಟಕ್ಕೆ ಅದನ್ನು ಮೀರಿಸುವ ಕೋರ್ಸ್ ಇಲ್ಲ, ಈ ವಿಷಯದಲ್ಲಿ ನಾನು ಯಾರ ಜೊತೆಗಾದರೂ ವಾದಕ್ಕೆ ಸಿದ್ಧ. 7ನೇ ಹೋಲ್ ಬರೀ ನೂರು ಗಜದ ಆಸುಪಾಸು, ಕೆಳಗೆ ನೇರ ಸಮುದ್ರ. ಆದರೆ ಮಂಡಿ ನೋವಿನವರಿಗೆ ಬೇಡ. 6ನೇ ಹೋಲ್‌ನ ಏರು ಹತ್ತುವಾಗ ನನಗೇ ಏದುಸಿರು ಬಂತು. ಸಮುದ್ರದ ಹೋಲ್‌ಗಳಲ್ಲಿ ನಿಲ್ಲೋಕೆ ಒಂದೇ ಪಕ್ಕ, ಅದರಿಂದ ನೂಕುನುಗ್ಗಲು. ಜೂನ್ ಅಂತ ಬಿಸಿಲು ನೆನೆಸಿಕೊಂಡು ಹೋದರೆ ಮಂಜು, ಚಳಿ. 2000ದಲ್ಲಿ ಟೈಗರ್ ವುಡ್ಸ್ 15 ಸ್ಟ್ರೋಕ್‌ಗಳ (ಹೊಡೆತಗಳ) ಅಂತರದಲ್ಲಿ ಗೆದ್ದ ಜಾಗ ಅನ್ನೋ ಮೋಹ ಇದ್ದರೆ ಮಾತ್ರ ಯೋಚಿಸಿ.

ಮತ್ತೊಬ್ಬರು: ಇನ್ನೊಂದು ಮೇಜರ್ ಪಿಜಿಎ ಚಾಂಪಿಯನ್‌ಷಿಪ್ 2027ರಲ್ಲಿ ಟೆಕ್ಸಸ್‌ನ ಫ್ರಿಸ್ಕೊದಲ್ಲಿ. ಕೋರ್ಸ್ ತೆರೆದಿದ್ದೇ 2023ರಲ್ಲಿ, ಹಳೇ ಕೋರ್ಸ್ ನೋಡುವ ಆಸೆ ಇದ್ದರೆ ಅದು ಆಗುವುದಿಲ್ಲ. ನಾಲ್ಕನೇ ಮೇಜರ್ ಮಾಸ್ಟರ್ಸ್ ನಡೆಯುವ ಅಗಸ್ಟಾದಲ್ಲಿ ಏರಿಳಿತ ಟಿವಿಯಲ್ಲಿ ಕಾಣುವುದಕ್ಕಿಂತ ಎಷ್ಟೋ ಜಾಸ್ತಿ. ಮೊಬೈಲ್ ಕೂಡ ಒಳಗೆ ಬಿಡುವುದಿಲ್ಲ. ತಪ್ಪಿಸಿಕೊಂಡರೆ ಅಪ್ಪನನ್ನು ಹುಡುಕೋದೇ ಕೆಲಸ.

ಕೇಳಿದವರು: ಸೇಂಟ್ ಆಂಡ್ರ್ಯೂಸ್ ಅಂತ ಮನಸ್ಸು ಮಾಡಿದೆವು. ಟಿಕೆಟ್, ಉಳಿಯುವ ಜಾಗ ಹೇಗೆ?

ಮೊದಲು ಉತ್ತರಿಸಿದವರು: ಟಿಕೆಟ್‌ಗೆ ಲಾಟರಿ. 2022ರಲ್ಲಿ 13 ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದಿದ್ದವು, ವಾರವಿಡೀ ಒಳಗೆ ಹೋದವರು 2 ಲಕ್ಷ 90 ಸಾವಿರ. ದಿ ಓಪನ್‌ನ ಅಭಿಮಾನಿಗಳ ಸದಸ್ಯತ್ವವಾದ ಒನ್ ಕ್ಲಬ್‌ಗೆ ಪುಕ್ಕಟೆ ಸೇರಿಕೊಂಡು, ಅರ್ಜಿ ಕರೆದ ಕೂಡಲೇ ಹಾಕಿ. ಅಭ್ಯಾಸದ ದಿನಕ್ಕೂ ಹಾಕಿ. ಆ ದಿನಗಳಲ್ಲಿ ಗಲಾಟೆ ಕಡಿಮೆ, ಆಟಗಾರರೂ ನಗುತ್ತಾ ಇರುತ್ತಾರೆ.

ಊರು ಚಿಕ್ಕದು, ರೂಮ್ ಬಾಡಿಗೆ ಆಕಾಶಕ್ಕೆ. ಹತ್ತಿರದ ಡಂಡೀ ನಗರದಲ್ಲಿ ಉಳಿಯಿರಿ. ಸೇಂಟ್ ಆಂಡ್ರ್ಯೂಸ್‌ಗೆ ರೈಲು ಇಲ್ಲ, ಲೂಕರ್ಸ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಸಂಜೆ ಆ ಬಸ್ಸಿಗೆ ಉದ್ದ ಸಾಲು. ಅಪ್ಪನಿಗಾಗಿ ಕೊನೆಯ ಗುಂಪು ಮುಗಿಯುವ ಒಂದು ಗಂಟೆ ಮೊದಲೇ ಹೊರಡಿ. ಮಡಚುವ ಛತ್ರಿ ಬೇಡ, ಆ ಗಾಳಿಗೆ ನಿಲ್ಲುವುದಿಲ್ಲ. ಟೋಪಿ ಇರುವ ಮಳೆ ಜಾಕೆಟ್ ಒಯ್ಯಿರಿ.