ಶಾಂಪೇನ್ ಕೌಂಟಿ ಮೊಮ್ಮಗಳಿಗೆ ಯಾಕೆ ಸಿಗಲಿಲ್ಲ? ಸಹಾಯ ಬೇಕು

ಮಧ್ಯಯುಗದ ಫ್ರಾನ್ಸ್ ಬಗ್ಗೆ ಓದಿಕೊಂಡವರು ಇದ್ರೆ ದಯವಿಟ್ಟು ಹೇಳಿ. ಫ್ರಾನ್ಸಿನ ಶಾಂಪೇನ್ ಸೀಮೆ ಆಳ್ತಿದ್ದ ಕೌಂಟ್‌ಗಳ (ಸಾಮಂತರ) ವಂಶವೃಕ್ಷ ಬರೀತಾ ಒಂದು ಕಡೆ ಸಿಕ್ಕಿಹಾಕ್ಕೊಂಡಿದ್ದೀನಿ.

1234ರಲ್ಲಿ ಶಾಂಪೇನ್ ಕೌಂಟ್ ನಾಲ್ಕನೇ ತಿಬೋಗೆ ಸೋದರಮಾವನ ನವಾರ್ ರಾಜ್ಯ ಬಂತು. 1274ರಲ್ಲಿ ಶಾಂಪೇನ್, ನವಾರ್ ಎರಡೂ ಅವನ ಮೊಮ್ಮಗಳು ಜಾನ್‌ಗೆ ಸೇರಿದ್ವು. 1284ರಲ್ಲಿ ಅವಳು ಮದುವೆಯಾಗಿದ್ದು ಮುಂದೆ ಫ್ರಾನ್ಸಿನ ರಾಜನಾದ ನಾಲ್ಕನೇ ಫಿಲಿಪ್‌ನ. ಇಲ್ಲೀತನಕ ಸಲೀಸು.

1328ರಲ್ಲಿ ಈ ಜಾನ್‌ಳ ಮೊಮ್ಮಗಳಿಗೆ (ಅವಳ ಹೆಸರೂ ಜಾನ್, ಕರ್ಮ!) ನವಾರ್ ಮಾತ್ರ ಸಿಕ್ತು. ಶಾಂಪೇನ್ ಮಾತ್ರ ಫ್ರಾನ್ಸಿನ ರಾಜ ಆರನೇ ಫಿಲಿಪ್‌ನ ಕೈಲೇ ಉಳೀತು, ಬದಲಿಗೆ ಅವಳಿಗೆ ಅಂಗೂಲೆಮ್, ಮೊರ್ತೆನ್ ಕೌಂಟಿಗಳನ್ನ ಕೊಟ್ರು. ಫ್ರಾನ್ಸಿನ ಕಿರೀಟ ಹೆಣ್ಣಿಗಿಲ್ಲ ಅಂದ್ರು, ಸರಿ. ಆದ್ರೆ ಶಾಂಪೇನ್ ಅಜ್ಜಿಗೆ ಬಂದಿತ್ತಲ್ಲ? ವಂಶಾವಳಿ ಪಟ್ಟಿಗಳನ್ನ ತಡಕಾಡಿದೆ, ಯಾರ ಮಗ ಯಾರು ಅನ್ನೋದು ಬಿಟ್ರೆ ಕಾರಣ ಎಲ್ಲೂ ಇಲ್ಲ.

ಶಾಂಪೇನ್ ತಡೆಹಿಡಿಯೋಕೆ ಕಾನೂನಿನ ಆಧಾರ ಇತ್ತಾ, ಇಲ್ಲಾ ಪ್ಯಾರಿಸ್ ಪಕ್ಕದ ಶ್ರೀಮಂತ ಸೀಮೆ ಬಿಡಬಾರದು ಅಂತ ಆರನೇ ಫಿಲಿಪ್ ಮಾಡಿದ ಚೌಕಾಸಿ ಅಷ್ಟೇನಾ?