ಮಲಗಿರುವ ರೋಗಿಯ ಎಕ್ಸ್‌ರೇಯಲ್ಲಿ ನ್ಯುಮೋಥೊರ್ಯಾಕ್ಸ್ ಗುರುತಿಸುವುದು

ಪ್ರಶ್ನೆ: ಐಸಿಯುವಿನಲ್ಲಿ ರೋಗಿಯನ್ನು ಮಲಗಿಸಿಯೇ ತೆಗೆದ ಎಕ್ಸ್‌ರೇಯಲ್ಲಿ, ಶ್ವಾಸಕೋಶದ ಮೇಲ್ತುದಿಯ ಬಳಿ ಪ್ಲೂರಾದ (ಶ್ವಾಸಕೋಶವನ್ನು ಸುತ್ತುವ ತೆಳು ಪೊರೆಯ) ಬಿಳಿ ಗೆರೆ ಕಾಣದಿದ್ದರೆ ನ್ಯುಮೋಥೊರ್ಯಾಕ್ಸ್ (ಶ್ವಾಸಕೋಶ ಮತ್ತು ಎದೆಗೋಡೆಯ ನಡುವೆ ಗಾಳಿ ಸೇರುವುದು) ಇಲ್ಲವೆಂದು ನಿರ್ಧರಿಸಬಹುದೇ, ಸರ್?

ಉತ್ತರ 1: ಖಂಡಿತ ನಿರ್ಧರಿಸಬಾರದು. ಅಂಗಾತ ಮಲಗಿದಾಗ ಗಾಳಿಯು ತುದಿಗೆ ಏರದೆ, ಆ ಭಂಗಿಯಲ್ಲಿ ಎತ್ತರದಲ್ಲಿರುವ ಎದೆಯ ಮುಂಭಾಗದಲ್ಲಿ, ವಪೆಯ ಸಮೀಪ ಸೇರುವುದರಿಂದ, ಆ ಬದಿಯ ಪಕ್ಕೆಲುಬು ಮತ್ತು ವಪೆಯ ನಡುವಿನ ಮೂಲೆ ಅಸಹಜವಾಗಿ ಆಳವಾಗಿಯೂ ಕಪ್ಪಾಗಿಯೂ ಕಾಣಬಹುದು. ಇದನ್ನೇ ಡೀಪ್ ಸಲ್ಕಸ್ ಚಿಹ್ನೆ ಎನ್ನುತ್ತಾರೆ. ಹೃದಯದ ಅಂಚು ಅತಿ ಸ್ಪಷ್ಟವಾಗಿದ್ದರೂ ಸಂಶಯಪಡಬೇಕು.

ಉತ್ತರ 2: ಚರ್ಮದ ಮಡಿಕೆಯೂ ಪ್ಲೂರಾದ ಗೆರೆಯಂತೆ ಕಂಡು ಮೋಸಗೊಳಿಸುತ್ತದೆ. ಗೆರೆಯು ಎದೆಗೂಡನ್ನು ದಾಟಿ ಮುಂದುವರಿದರೆ, ಅಥವಾ ಅದರಾಚೆಗೂ ಶ್ವಾಸಕೋಶದ ರಕ್ತನಾಳಗಳು ಕಂಡರೆ, ಅದು ಬಹುತೇಕ ಮಡಿಕೆಯೇ.

ಉತ್ತರ 3: ಅನುಮಾನ ಉಳಿದರೆ ಹಾಸಿಗೆಯ ಬಳಿಯೇ ಅಲ್ಟ್ರಾಸೌಂಡ್ ಮಾಡಿ, ಶ್ವಾಸಕೋಶ ಜಾರುವ ಚಲನೆ ಕಂಡರೆ ಆ ಜಾಗದಲ್ಲಿ ನ್ಯುಮೋಥೊರ್ಯಾಕ್ಸ್ ಇಲ್ಲ. ಆದರೆ ರಕ್ತದೊತ್ತಡ ಕುಸಿಯುತ್ತಾ, ಸೇರಿದ ಗಾಳಿ ಹೃದಯ ಮತ್ತು ಶ್ವಾಸಕೋಶವನ್ನು ಅದುಮುವ ಟೆನ್ಷನ್ ನ್ಯುಮೋಥೊರ್ಯಾಕ್ಸ್‌ನ ಲಕ್ಷಣಗಳಿದ್ದರೆ, ಯಾವ ಚಿತ್ರಕ್ಕೂ ಕಾಯದೆ ಗಾಳಿಯನ್ನು ಹೊರತೆಗೆಯಬೇಕು.